ಮುದಿ ಕುದುರೆಯ ಉದುರದ ರೋಮ: ಮಿದುಳಿನ ತಳದ ಗಡ್ಡೆಯ ಸೂಚನೆ

ಬೇಸಿಗೆ ಬಂದರೂ ಮೈಮೇಲಿನ ಉದ್ದನೆಯ ರೋಮ ಉದುರದ ಮುದಿ ಕುದುರೆಯನ್ನು ಕಂಡು 'ವಯಸ್ಸಾಯಿತು' ಎಂದು ಸುಮ್ಮನಾಗುವ ಮಾಲೀಕರೇ ಹೆಚ್ಚು. ವಾಸ್ತವದಲ್ಲಿ ಇದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕಾಯಿಲೆಯ ಪ್ರಮುಖ ಲಕ್ಷಣ.

ಕುದುರೆಗಳಲ್ಲಿ ಮಿದುಳಿನ ಗಡ್ಡೆಗಳು ಅಪರೂಪ. ಪಿಟ್ಯುಟರಿ ಗಡ್ಡೆ ಮಾತ್ರ ಇದಕ್ಕೆ ಅಪವಾದ. ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 15 ವರ್ಷ ಮೀರಿದ ಕುದುರೆಗಳ ಪೈಕಿ ಶೇ 21ರಷ್ಟರಲ್ಲಿ ಈ ಗ್ರಂಥಿಯ ಕಾಯಿಲೆ ಕಂಡುಬಂದಿತ್ತು.

ಕಾರಣವೇನು?

ಮಿದುಳಿನ ಕೆಲವು ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸಿ ಪಿಟ್ಯುಟರಿಯ ನಡುಭಾಗವನ್ನು ಹತೋಟಿಯಲ್ಲಿ ಇಡುತ್ತವೆ. ವಯಸ್ಸಾದಂತೆ ಈ ಕೋಶಗಳು ನಶಿಸುತ್ತವೆ. ಆಗ ಗ್ರಂಥಿ ಅಂಕೆ ಮೀರಿ ಬೆಳೆದು, ಎಸಿಟಿಎಚ್ ಮುಂತಾದ ಹಾರ್ಮೋನುಗಳನ್ನು ಅತಿಯಾಗಿ ಸ್ರವಿಸುತ್ತದೆ. ಪರಿಣಾಮವಾಗಿ ಬೆನ್ನಿನ ಸ್ನಾಯು ಕರಗುತ್ತದೆ, ಬಾಯಾರಿಕೆ ಮತ್ತು ಮೂತ್ರ ಹೆಚ್ಚುತ್ತವೆ, ಸೋಂಕುಗಳು ಮರುಕಳಿಸುತ್ತವೆ. ಎಲ್ಲಕ್ಕಿಂತ ಘೋರವಾದದ್ದು ಗೊರಸಿನ ಒಳಪದರದ ಉರಿಯೂತ. ನಿಲ್ಲಲೂ ಆಗದ ಈ ನೋವಿನಿಂದಾಗಿ ಅನೇಕ ಕುದುರೆಗಳಿಗೆ ದಯಾಮರಣ ನೀಡಬೇಕಾಗುತ್ತದೆ.

ಚಿಕಿತ್ಸೆ ಉಂಟು

ರಕ್ತದಲ್ಲಿನ ಎಸಿಟಿಎಚ್ ಪ್ರಮಾಣ ಅಳೆದು ರೋಗ ಗುರುತಿಸಲಾಗುತ್ತದೆ. ಶರತ್ಕಾಲದಲ್ಲಿ ಈ ಹಾರ್ಮೋನು ಸಹಜವಾಗಿಯೇ ಏರುವುದರಿಂದ ಋತುಮಾನವನ್ನೂ ಗಮನಿಸಬೇಕು. ಡೋಪಮೈನ್‌ನ ಕೆಲಸ ಮಾಡುವ ಪರ್ಗೊಲೈಡ್ ಇದಕ್ಕೆ ಮುಖ್ಯ ಔಷಧ. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಬಳಸುತ್ತಿದ್ದ ಇದನ್ನು, ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆಂಬ ಕಾರಣಕ್ಕೆ ಅಮೆರಿಕದಲ್ಲಿ 2007ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2011ರಲ್ಲಿ ಅಲ್ಲಿಯೇ ಕುದುರೆಗಳಿಗೆ ಅನುಮತಿ ದೊರೆಯಿತು. ರೋಗ ಗುಣವಾಗದು, ಆದರೆ ಪ್ರತಿದಿನ ಔಷಧ, ಗೊರಸಿನ ಆರೈಕೆ ಹಾಗೂ ಸಕ್ಕರೆ ಅಂಶ ಕಡಿಮೆಯಿರುವ ಮೇವಿನಿಂದ ಕುದುರೆ ವರ್ಷಗಟ್ಟಲೆ ನೆಮ್ಮದಿಯಿಂದ ಬದುಕಬಲ್ಲದು.

ಮುಗ್ಗರಿಸಿದರೆ ಎಚ್ಚರ

ಕುದುರೆ ಹಠಾತ್ತನೆ ತೂರಾಡಿದರೆ, ಮುಗ್ಗರಿಸಿದರೆ, ನುಂಗಲು ಕಷ್ಟಪಟ್ಟರೆ ಅಥವಾ ಕೆರಳಿ ಕಚ್ಚಲು ಬಂದರೆ ಭಾರತದಲ್ಲಿ ಮೊದಲು ಶಂಕಿಸಬೇಕಾದದ್ದು ಗಡ್ಡೆಯನ್ನಲ್ಲ, ರೇಬೀಸ್ ಅನ್ನು. ಹುಚ್ಚುನಾಯಿ ಕಡಿತದಿಂದ ಕುದುರೆಗೂ ಇದು ತಗಲುತ್ತದೆ. ಲಕ್ಷಣ ಕಾಣಿಸಿಕೊಂಡ ನಂತರ ಚಿಕಿತ್ಸೆಯಿಲ್ಲ, ಕೆಲವೇ ದಿನಗಳಲ್ಲಿ ಸಾವು ಖಚಿತ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಅಂತಹ ಕುದುರೆಯ ಬಾಯಿಗೆ ಕೈಹಾಕುವುದು ಅಪಾಯಕಾರಿ. ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯಬೇಕು.

ರೋಮದ ಬದಲಾವಣೆ ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥದ್ದು; ತೂರಾಟ ಗಂಟೆಗಳ ಲೆಕ್ಕದ್ದು. ಎರಡಕ್ಕೂ ಪಶುವೈದ್ಯರನ್ನು ಕರೆಯಬೇಕು. ಎರಡನೆಯದಕ್ಕೆ ಒಂದು ದಿನವೂ ಕಾಯುವಂತಿಲ್ಲ.