ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿದರೆ

ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪು ಹಳತಾದಾಗ ಸವೆದ ಜಾಗದಲ್ಲಿ ಉಬ್ಬುವುದನ್ನು ನಾವೆಲ್ಲ ಕಂಡಿದ್ದೇವೆ. ಪಂಪು ನಡೆದಂತೆಲ್ಲ ಉಬ್ಬು ದೊಡ್ಡದಾಗಿ ಒಂದು ದಿನ ಒಡೆಯುತ್ತದೆ. ಹೃದಯದಿಂದ ಹೊರಟು ಎದೆ, ಹೊಟ್ಟೆಯ ಮೂಲಕ ಇಳಿಯುವ ಮಹಾಪಧಮನಿಗೂ ಹೀಗಾಗುವುದುಂಟು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಹೊಟ್ಟೆಯ ಭಾಗದಲ್ಲಿ ಈ ನಾಳದ ಅಗಲ ಸಾಧಾರಣ 2 ಸೆಂಟಿಮೀಟರ್. ಅದು 3 ಸೆಂ.ಮೀ. ಮುಟ್ಟಿದರೆ ಅನ್ಯೂರಿಸಂ ಎಂದೇ ಲೆಕ್ಕ.

ಒಡೆಯುವವರೆಗೆ ಹೆಚ್ಚಿನವರಿಗೆ ನೋವೂ ಇಲ್ಲ, ಸೂಚನೆಯೂ ಇಲ್ಲ. ಒಡೆದ ಮೇಲೆ ಬದುಕುವವರು ಕಡಿಮೆ. ವಿಜ್ಞಾನಿ ಐನ್‌ಸ್ಟೀನ್ 1955ರಲ್ಲಿ ತೀರಿಕೊಂಡದ್ದು ಇದರಿಂದಲೇ. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅವರ ಉಬ್ಬಿದ ನಾಳಕ್ಕೆ ಸೆಲ್ಲೋಫೇನ್ ಹಾಳೆ ಸುತ್ತಿದ್ದರು. ಈಗ ಚಿಕಿತ್ಸೆ ಬಹಳ ಮುಂದುವರಿದಿದೆ, ಆದರೆ ಉಬ್ಬು ಇದೆಯೆಂದು ಮೊದಲು ತಿಳಿಯಬೇಕಷ್ಟೆ.

ಯಾರಿಗೆ ಬರುತ್ತದೆ? 65 ದಾಟಿದ ಗಂಡಸರಿಗೆ ಹೆಚ್ಚು. ರಕ್ತದ ಒತ್ತಡ, ನಾಳದೊಳಗೆ ಕೊಬ್ಬು ಕಟ್ಟುವುದು, ತಂದೆಗೋ ಒಡಹುಟ್ಟಿದವರಿಗೋ ಇದೇ ಕಾಯಿಲೆ ಇದ್ದದ್ದು, ಇವೆಲ್ಲ ಕಾರಣಗಳೇ. ಆದರೆ ಇವೆಲ್ಲಕ್ಕಿಂತ ಮುಂದೆ ನಿಲ್ಲುವುದು ಧೂಮಪಾನ. ಬೀಡಿ ಸಣ್ಣದು, ಅದರಿಂದೇನು ಎನ್ನುವ ಹಿರಿಯರಿದ್ದಾರೆ. ಆ ಹೊಗೆಯೂ ನಾಳದ ಗೋಡೆಯನ್ನು ಸವೆಸುತ್ತದೆ. ಬಿಟ್ಟವರಿಗೆ ಅಪಾಯ ಕ್ರಮೇಣ ಇಳಿಯುತ್ತದೆ, ಪೂರ್ತಿ ಅಳಿಯುವುದಿಲ್ಲ.

ಪರೀಕ್ಷೆ ಬಹಳ ಸುಲಭ. ಗರ್ಭಿಣಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಇಂಗ್ಲೆಂಡಿನಲ್ಲಿ 65 ತುಂಬುವ ಗಂಡಸರನ್ನು ಸರಕಾರವೇ ಕರೆದು ಸ್ಕ್ಯಾನ್ ಮಾಡಿಸುತ್ತದೆ. ನಮ್ಮಲ್ಲಿ ಅಂಥ ಕರೆ ಬರುವುದಿಲ್ಲ, ನಾವೇ ಕೇಳಬೇಕು. ಬೀಡಿ, ಸಿಗರೇಟು ಸೇದುತ್ತಿರುವ ಅಥವಾ ಹಿಂದೆ ಸೇದಿದ್ದ, 65ರಿಂದ 75ರೊಳಗಿನ ಗಂಡಸರು ಒಮ್ಮೆಯಾದರೂ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದೆಂದು ನಮ್ಮ ಸಲಹೆ. ಕಲ್ಲಿಗೋ ಮೂತ್ರದ ತೊಂದರೆಗೋ ಹೇಗೂ ಸ್ಕ್ಯಾನಿಗೆ ಹೋದಾಗ, ಮಹಾಪಧಮನಿಯನ್ನೂ ಅಳೆಯಿರಿ ಎಂದು ಡಾಕ್ಟರರಲ್ಲಿ ಕೇಳಿಕೊಳ್ಳಬಹುದು.

ಉಬ್ಬು ಸಣ್ಣದಿದ್ದರೆ ಹೆದರಬೇಕಾಗಿಲ್ಲ. ಧೂಮಪಾನ ಬಿಟ್ಟು, ಬಿ.ಪಿ.ಯ ಮಾತ್ರೆ ತಪ್ಪಿಸದೆ, ಡಾಕ್ಟರರು ಹೇಳಿದ ಅವಧಿಗೆ ಮತ್ತೆ ಅಳೆಸಿದರಾಯಿತು. ಗಂಡಸರಲ್ಲಿ 5.5 ಸೆಂ.ಮೀ. ಮುಟ್ಟಿದಾಗ, ಹೆಂಗಸರಲ್ಲಿ ಅದಕ್ಕೂ ಸ್ವಲ್ಪ ಮೊದಲೇ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಹೊಟ್ಟೆ ತೆರೆದು ಕೃತಕ ನಾಳ ಜೋಡಿಸುತ್ತಾರೆ, ಇಲ್ಲವೇ ತೊಡೆಸಂದಿಯ ರಕ್ತನಾಳದ ಮೂಲಕ ಒಳಗೆ ನಳಿಗೆ ಕೂರಿಸುತ್ತಾರೆ.

ಇನ್ನೊಂದು ಮಾತು. ತೋಟದಲ್ಲಿ ದುಡಿಯುವವರಿಗೆ ಸೊಂಟನೋವು ಹೊಸದಲ್ಲ, ಎಣ್ಣೆ ತಿಕ್ಕಿ ಮಲಗುವುದು ರೂಢಿ. ಆದರೆ ವಯಸ್ಸಾದವರಿಗೆ ಹಿಂದೆಂದೂ ಕಾಣದಂಥ ನೋವು ಹೊಟ್ಟೆಯಲ್ಲೋ ಬೆನ್ನಲ್ಲೋ ಒಮ್ಮೆಲೇ ಎದ್ದು, ಮೈ ಬೆವರಿ ತಲೆ ತಿರುಗಿದರೆ ತಿಕ್ಕುತ್ತಾ ಕೂರಬೇಡಿ. ಬೆಳಗಾಗಲೆಂದು ಕಾಯದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ. ಹಳೆಯ ಸ್ಕ್ಯಾನಿನ ವರದಿ ಇದ್ದರೆ ಅದೂ ಕೈಯಲ್ಲಿರಲಿ.