ಧನುರ್ವಾಯು ಮತ್ತು ನರಸಂಧಿಯ ಪ್ರೋಟೀನುಗಳು

1989ರ ಮಳೆಗಾಲದ ಮಾತು. ನಾನು ಹಳ್ಳಿಯೊಂದರಲ್ಲಿ ಚಿಕಿತ್ಸಾಲಯ ತೆರೆದು ಕೆಲವೇ ವರ್ಷಗಳಾಗಿದ್ದವು. ನಡುವಯಸ್ಸಿನ ರೈತರೊಬ್ಬರು ಬಾಯಿ ತೆರೆಯಲಾಗುತ್ತಿಲ್ಲವೆಂದು ಬಂದರು. ದವಡೆ ಬಿಗಿದಿತ್ತು, ಕತ್ತು ಸೆಟೆದಿತ್ತು. ಹನುಗ್ರಹವೆಂಬ ವಾತವಿಕಾರವೆಂದು ಬಗೆದು, ಎಳ್ಳೆಣ್ಣೆಯ ಅಭ್ಯಂಗ ಹಾಗೂ ಶಾಖವನ್ನು ಹೇಳಿ ಕಳುಹಿಸಿದೆ. ಹತ್ತು ದಿನಗಳ ಹಿಂದೆ ಕೊಟ್ಟಿಗೆಯಲ್ಲಿ ಅವರ ಅಂಗಾಲಿಗೆ ಮೊಳೆ ಚುಚ್ಚಿತ್ತು. ಅದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರುದಿನ ಬೆನ್ನು ಬಿಲ್ಲಿನಂತೆ ಬಾಗಿದಾಗ ಮನೆಯವರು ದೊಡ್ಡ ಆಸ್ಪತ್ರೆಗೆ ಒಯ್ದರು. ನಾಲ್ಕನೆಯ ದಿನ ಅವರು ತೀರಿಕೊಂಡರು. ಅದು ಧನುರ್ವಾಯುವಾಗಿತ್ತು.

ಅವರ ದೇಹದೊಳಗೆ ನಿಜವಾಗಿ ಏನು ನಡೆದಿತ್ತು? ವಿಷವೊಂದು ನರಗಳನ್ನು ಕೆಡಿಸುತ್ತದೆ ಎಂಬುದು ಆಗಲೇ ತಿಳಿದಿತ್ತು. ಆದರೆ ಅದು ನರದೊಳಗೆ ಯಾವುದನ್ನು ಹಾಳುಮಾಡುತ್ತದೆ ಎಂಬುದು ಆ ವರ್ಷ ಜಗತ್ತಿನ ಯಾವ ವೈದ್ಯನಿಗೂ ತಿಳಿದಿರಲಿಲ್ಲ. ಮೂರೇ ವರ್ಷಗಳಲ್ಲಿ ಉತ್ತರ ದೊರೆಯಿತು. ಆ ಉತ್ತರವನ್ನು ಅರಿಯಬೇಕಾದರೆ ಥಾಮಸ್ ಸುಡಾಫ್ ಎಂಬ ವಿಜ್ಞಾನಿಯ ಸಂಶೋಧನೆಯನ್ನು ತಿಳಿಯಬೇಕು.

ಸುಡಾಫ್ 1955ರಲ್ಲಿ ಜರ್ಮನಿಯ ಗಾಟಿಂಗನ್ ನಗರದಲ್ಲಿ ಜನಿಸಿದವರು. ಅಲ್ಲಿಯೇ ವೈದ್ಯವಿದ್ಯೆ ಕಲಿತು, 1983ರಲ್ಲಿ ಅಮೆರಿಕದ ಡಲ್ಲಾಸ್ ನಗರಕ್ಕೆ ತೆರಳಿ ಅಣುಜೀವವಿಜ್ಞಾನದತ್ತ ಹೊರಳಿದರು. 1986ರಲ್ಲಿ ಸ್ವಂತ ಪ್ರಯೋಗಾಲಯ ಆರಂಭಿಸಿದಾಗ ಅವರು ಆಯ್ದುಕೊಂಡ ವಿಷಯ ನರಸಂಧಿ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬಹುಪಾಲು ಎಡೆಗಳಲ್ಲಿ ಒಂದು ಕೋಶ ಮತ್ತೊಂದನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು, ಎಂದರೆ ಸುಮಾರು 20 ನ್ಯಾನೋಮೀಟರಿನಷ್ಟು ಎಡೆ ಇರುತ್ತದೆ. ಈ ತಾಣವೇ ನರಸಂಧಿ; ಆಧುನಿಕ ವೈದ್ಯರು ಇದನ್ನು ಸಿನಾಪ್ಸ್ ಎನ್ನುತ್ತಾರೆ. ಸಂದೇಶ ಕಳುಹಿಸುವ ನರತುದಿಯಲ್ಲಿ ರಾಸಾಯನಿಕ ತುಂಬಿದ ಸೂಕ್ಷ್ಮ ಚೀಲಗಳು ಕಾದಿರುತ್ತವೆ. ವಿದ್ಯುತ್ ಸಂಕೇತ ಬಂದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಸಮಯದಲ್ಲಿ ಚೀಲ ಕೋಶದ ಪೊರೆಯೊಡನೆ ಬೆರೆತು ತನ್ನೊಳಗಿನ ರಾಸಾಯನಿಕವನ್ನು ಹೊರಚೆಲ್ಲುತ್ತದೆ. ಇಷ್ಟು ತ್ವರಿತವಾಗಿ ಇದನ್ನು ನಡೆಸುವವರು ಯಾರು ಎಂಬುದೇ ಸುಡಾಫರ ಪ್ರಶ್ನೆಯಾಗಿತ್ತು.

ಉತ್ತರ ಕೆಲವು ಪ್ರೋಟೀನುಗಳ ಪರಸ್ಪರ ಸಂಬಂಧದಲ್ಲಿತ್ತು. ಚೀಲದ ಮೇಲೆ ಸಿನಾಪ್ಟೊಬ್ರೆವಿನ್ ಎಂಬ ಪ್ರೋಟೀನು ಇರುತ್ತದೆ. ಕೋಶದ ಪೊರೆಯಲ್ಲಿ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಎರಡು ಇರುತ್ತವೆ. ಹಗ್ಗ ಹೊಸೆಯುವಾಗ ಎಳೆಗಳು ಒಂದರೊಡನೊಂದು ಹುರಿಗೊಳ್ಳುವಂತೆ ಈ ಮೂರೂ ಸುತ್ತಿಕೊಂಡು, ಚೀಲವನ್ನು ಪೊರೆಯ ಬಳಿಗೆ ಬಿಗಿಯಾಗಿ ಎಳೆಯುತ್ತವೆ. ಮಂಕ್-18 ಎಂಬ ನಾಲ್ಕನೆಯದು ಈ ಕಾರ್ಯಕ್ಕೆ ಒತ್ತಾಸೆ. ಅದಿಲ್ಲದಂತೆ ಮಾಡಿದ ಇಲಿಮರಿಗಳ ನರಗಳಿಂದ ರಾಸಾಯನಿಕ ಬಿಡುಗಡೆಯೇ ಆಗಲಿಲ್ಲ. ಐದನೆಯದು ಸಿನಾಪ್ಟೊಟ್ಯಾಗ್ಮಿನ್. ಇದು ಕ್ಯಾಲ್ಸಿಯಂ ಬಂದುದನ್ನು ಗುರುತಿಸಿ ಅಪ್ಪಣೆ ಕೊಡುವ ಪ್ರೋಟೀನು. ಇದರ ಕ್ಯಾಲ್ಸಿಯಂ ಹಿಡಿಯುವ ಶಕ್ತಿಯನ್ನು ಅರ್ಧಕ್ಕೆ ಇಳಿಸಿದಾಗ, ನರತುದಿ ಕ್ಯಾಲ್ಸಿಯಂಗೆ ಓಗೊಡುವ ಶಕ್ತಿಯೂ ಅರ್ಧಕ್ಕೆ ಇಳಿಯಿತೆಂದು 2001ರಲ್ಲಿ ಅವರ ತಂಡ ತೋರಿಸಿತು. ಕೋಶದೊಳಗಿನ ಚೀಲಗಳ ಸಾಗಣೆಯ ಕುರಿತ ಸಂಶೋಧನೆಗಾಗಿ ಜೇಮ್ಸ್ ರಾಥ್‌ಮನ್ ಮತ್ತು ರ‍್ಯಾಂಡಿ ಶೆಕ್‌ಮನ್ ಅವರೊಡನೆ ಸುಡಾಫರಿಗೂ 2013ರ ನೊಬೆಲ್ ಪ್ರಶಸ್ತಿ ಸಂದಿತು.

ಈಗ ಧನುರ್ವಾಯುವಿಗೆ ಬರೋಣ. ಇದರ ರೋಗಾಣುಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಬಹುಕಾಲ ಸುಪ್ತವಾಗಿ ಬದುಕುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಬೆಳೆದು ವಿಷವನ್ನು ಉತ್ಪಾದಿಸುತ್ತವೆ. ಆ ವಿಷವು ಕತ್ತರಿಯಂತೆ ಸಿನಾಪ್ಟೊಬ್ರೆವಿನ್ನನ್ನು ತುಂಡರಿಸುತ್ತದೆ ಎಂಬುದು 1992ರಲ್ಲಿ ಬೆಳಕಿಗೆ ಬಂದಿತು. ಇಟಲಿಯ ಪಡುವಾದ ವಿಜ್ಞಾನಿಗಳೂ, ಸುಡಾಫ್ ಮತ್ತು ಅವರ ಸಹಯೋಗಿ ರೈನ್‌ಹಾರ್ಡ್ ಯಾನ್ ಅವರ ತಂಡವೂ ಇದನ್ನು ತೋರಿಸಿಕೊಟ್ಟರು. ಹಗ್ಗದ ಒಂದು ಎಳೆ ತುಂಡಾದರೆ ಚೀಲ ಪೊರೆಯನ್ನು ಸೇರಲಾರದು.

ಸಂದೇಶ ನಿಂತರೆ ಸ್ನಾಯು ಸೋಲಬೇಕಲ್ಲವೆ, ಸೆಟೆಯುವುದೇಕೆ ಎಂದು ಓದುಗರು ಕೇಳಬಹುದು. ನಾವು ಕೈ ಮಡಿಚುವಾಗ ತೋಳಿನ ಮುಂಬದಿಯ ಸ್ನಾಯು ಬಿಗಿದು, ಹಿಂಬದಿಯದು ಸಡಿಲಗೊಳ್ಳುತ್ತದೆ. ಸಡಿಲಗೊಳ್ಳಲು ಸೂಚನೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿವೆ. ಧನುರ್ವಾಯುವಿನ ವಿಷವು ನರದ ಮೂಲಕವೇ ಮೇಲೇರಿ ಈ ಕೋಶಗಳನ್ನು ಹೊಕ್ಕು ಅವುಗಳನ್ನು ಮೂಕವಾಗಿಸುತ್ತದೆ. ತಡೆಯುವವರಿಲ್ಲದೆ ಎಲ್ಲ ಸ್ನಾಯುಗಳೂ ಒಮ್ಮೆಗೇ ಬಿಗಿಯುತ್ತವೆ. ಬೆನ್ನಿನ ಸ್ನಾಯುಗಳು ಹೆಚ್ಚು ಬಲಿಷ್ಠವಾದುದರಿಂದ ದೇಹ ಹಿಂದಕ್ಕೆ ಬಾಗುತ್ತದೆ.

ದೇಹವನ್ನು ಬಿಲ್ಲಿನಂತೆ ಬಗ್ಗಿಸುವ ಈ ವ್ಯಾಧಿಯನ್ನು ಸುಶ್ರುತಸಂಹಿತೆ ಧನುಸ್ತಂಭವೆಂದು ವಾತವ್ಯಾಧಿಗಳಲ್ಲಿ ವರ್ಣಿಸಿದೆ. ಪೆಟ್ಟಿನಿಂದ ಮತ್ತು ಗರ್ಭಪಾತದಿಂದ ಉಂಟಾದ ಅಪತಾನಕವು ಗುಣವಾಗುವುದಿಲ್ಲವೆಂದೂ ಅದು ಸ್ಪಷ್ಟವಾಗಿ ಹೇಳಿದೆ. ಸುಶ್ರುತರಿಗೆ ಪ್ರೋಟೀನುಗಳ ಅರಿವಿತ್ತೆಂದು ಹೇಳುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಕಣ್ಣಿಗೆ ಕಂಡುದನ್ನು ಕಂಡಂತೆ ಬರೆದು, ತಮ್ಮ ಚಿಕಿತ್ಸೆಯ ಮಿತಿಯನ್ನು ಒಪ್ಪಿಕೊಂಡದ್ದೇ ಅವರ ಹಿರಿಮೆ. ಅಂದು ನಾನು ಆ ಎಚ್ಚರಿಕೆಯನ್ನು ನೆನೆಯಬೇಕಿತ್ತು.

ವಿಷವು ನರದೊಳಗೆ ಹೊಕ್ಕ ಮೇಲೆ ಅದನ್ನು ಹೊರತೆಗೆಯುವ ಔಷಧಿ ಯಾವ ಪದ್ಧತಿಯಲ್ಲೂ ಇಲ್ಲ. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ಇನ್ನೂ ಹೊರಗಿರುವ ವಿಷವನ್ನಷ್ಟೇ ಹಿಡಿಯಬಲ್ಲದು. ನರಗಳು ಚೇತರಿಸಿಕೊಳ್ಳುವ ವಾರಗಟ್ಟಲೆ ಕಾಲ ರೋಗಿಯ ಉಸಿರನ್ನು ಕಾಪಾಡಬೇಕಾಗುತ್ತದೆ. ಒಮ್ಮೆ ರೋಗ ಬಂದು ಗುಣವಾದರೂ ದೇಹದಲ್ಲಿ ಪ್ರತಿರೋಧ ಹುಟ್ಟುವುದಿಲ್ಲ. ಕಾಯಿಲೆ ತರುವ ವಿಷದ ಪ್ರಮಾಣ ಅಷ್ಟು ಅಲ್ಪ. ಆದರೆ ಲಸಿಕೆ ಪಡೆದವರ ರಕ್ತದಲ್ಲಿರುವ ಪ್ರತಿಕಾಯಗಳು ವಿಷವನ್ನು ನರದ ಬಾಗಿಲಲ್ಲೇ ತಡೆಯುತ್ತವೆ.

ಆದುದರಿಂದ ಈ ಕೆಲವು ಮಾತುಗಳನ್ನು ನೆನಪಿಡಬೇಕು. ಶಿಶುವಿಗೆ 6, 10, 14ನೆಯ ವಾರಗಳಲ್ಲಿ, ಅನಂತರ ಒಂದೂವರೆ ವರ್ಷದ ಸುಮಾರಿಗೆ, 5ರಿಂದ 6ನೆಯ ವರ್ಷದಲ್ಲಿ, ಮುಂದೆ 10 ಮತ್ತು 16ನೆಯ ವರ್ಷಗಳಲ್ಲಿ ಈ ಲಸಿಕೆ ಹಾಕಿಸಬೇಕು. ಗರ್ಭಿಣಿಯರು ತಪ್ಪದೆ ಪಡೆಯಬೇಕು. ಹಿರಿಯರು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಒಳಿತು. ಹೊಲ, ಕೊಟ್ಟಿಗೆಗಳಲ್ಲಿ ದುಡಿಯುವವರಿಗೆ ಇದು ಇನ್ನೂ ಅವಶ್ಯ. ಗಾಯವಾದರೆ ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಸಗಣಿ, ಬೂದಿ, ಮಣ್ಣು ಹಚ್ಚಬೇಡಿ. ಗಾಯ ಕೊಳಕಾಗಿದ್ದು, ಹಿಂದಿನ ಚುಚ್ಚುಮದ್ದಾಗಿ ಐದು ವರ್ಷ ಕಳೆದಿದ್ದರೆ ಅಥವಾ ಅದು ಯಾವಾಗಲೆಂದು ನೆನಪಿಲ್ಲದಿದ್ದರೆ ಕೂಡಲೆ ವೈದ್ಯರನ್ನು ಕಾಣಿರಿ. ದವಡೆ ಬಿಗಿದರೆ ಎಣ್ಣೆ ತಿಕ್ಕುತ್ತ ಕೂರದೆ, ತುರ್ತು ಚಿಕಿತ್ಸೆಯುಳ್ಳ ಆಸ್ಪತ್ರೆಗೆ ಹೊರಡಿರಿ.

ಇಂದಿಗೂ ಬಾಯಿ ಬಿಗಿದಿದೆಯೆಂದು ಯಾರೇ ಬಂದರೂ ನಾಡಿ ಹಿಡಿಯುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಈಚೆಗೆ ಎಲ್ಲಿಯಾದರೂ ಗಾಯವಾಗಿತ್ತೆ?