ತೊಟ್ಟಿಯ ಗಿಡಕ್ಕೆ ಸಕ್ಕರೆ ಗ್ಯಾಸು

ಉಳವಿಯ ನಮ್ಮ ಮನೆ ಗಾಜಿನ ತೊಟ್ಟೀಲಿ ಹೈಡ್ರಿಲ್ಲಾ ಗಿಡ ಸೊರಗಿತ್ತು. ಗಿಡ ಆಹಾರ ಮಾಡಿಕೊಳ್ಳಲು ಬೆಳಕಿನ ಜೊತೆ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕೆ 1 ಲೀಟರ್ ಬಾಟಲಿಗೆ ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು, 1 ಲೋಟ ಸಕ್ಕರೆ, ಕಾಲು ಚಮಚ ಯೀಸ್ಟ್ ಹಾಕಿದೆ. ಯೀಸ್ಟ್ ಸಕ್ಕರೆ ತಿಂದು ಆ ಅನಿಲ ಬಿಡುತ್ತೆ. (ಬನ್ನು ಉಬ್ಬೋದೂ ಇದರಿಂದಲೇ!) ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಪೈಪು ಸಿಕ್ಕಿಸಿ, ಮೇಣ ಮೆತ್ತಿ, ತುದಿಯನ್ನು ತೊಟ್ಟಿಗೆ ಇಳಿಬಿಟ್ಟೆ. ಸಂಜೆಗೆ ಗುಳುಗುಳು ಗುಳ್ಳೆ ಬಂತು.

ಬೆಳಿಗ್ಗೆ ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ವು. ಒಂದು ಸತ್ತಿತ್ತು. ರಾತ್ರಿ ಗಿಡ ಈ ಅನಿಲ ಹೀರಲ್ಲ, ಉಸಿರಾಡಿ ತಾನೂ ಬಿಡುತ್ತೆ. ಪಾಠದಲ್ಲಿ ಓದಿದ್ದೆ, ನೆನಪಾಗಲಿಲ್ಲ. ಈಗ ಕತ್ತಲಾಗೋ ಮೊದಲೇ ಪೈಪನ್ನು ನೀರಿಂದ ಎತ್ತಿ ಹೊರಗಿಡ್ತೀನಿ. ಮಡಚಿ ಮಾತ್ರ ಕಟ್ಟಬೇಡಿ, ಬಾಟಲಿ ಒಡೆಯುತ್ತೆ.